ಕಾಗದದ ಬಾಯಿ

ಡಾಗ್‌ವುಡ್ ಬಿಳಿ ಬಿಟ್ಟಿದೆ,
ನೀರು ಮೊಣಕಾಲು ಕಚ್ಚುವುದನ್ನು ಬಿಟ್ಟಿದೆ.
"ಬಂದಿರ್ತಾವೆ" ಎಂದಳು ಐಜೋರಾ ಅತ್ತೆ,
ನೆಂಟರ ಸುದ್ದಿ ಹೇಳುವಂತೆ.

ಕ್ರಾಪಿ. ಅಂಗೈಯಗಲದ ಮೀನು,
ಬೆಳ್ಳಿತಟ್ಟೆಯ ಮೇಲೆ ಯಾರೋ ಮಸಿ ಕೊಡವಿದ ಹಾಗೆ ಮೈ.
ವರ್ಷವಿಡೀ ಆಳದಲ್ಲಿದ್ದು
ಈ ಮೂರು ವಾರ ಮಾತ್ರ
ದಡಕ್ಕೆ, ಎರಡಡಿ ನೀರಿಗೆ, ಬಸಿರು ಹೊತ್ತು ಬರುತ್ತದೆ.

ದೂರದಲ್ಲಿ ದೋಣಿಯವರು
ಎಂಟೆಂಟು ಗಾಳ ಜೇಡನ ಕಾಲಂತೆ ಚಾಚಿ
ಪರದೆ ನೋಡುತ್ತ ಕೂತಿದ್ದಾರೆ.
ಅವರಿಗೆ ಮೀನೆಂದರೆ ಮಿನುಗುವ ಚುಕ್ಕೆ.
ನಮಗಿರುವುದು ಹತ್ತಡಿಯ ಬಿದಿರು, ಒಂದು ಬೆಂಡು, ಸಣ್ಣ ಕೊಕ್ಕೆ,
ಸೊಂಟದ ಡಬ್ಬದಲ್ಲಿ ಮೂರು ಡಜನ್ ಮರಿಮೀನು,
ಮತ್ತೆ ಅತ್ತೆಯ ತಲೆಯೊಳಗಿನ ನಕ್ಷೆ.

ಆ ನಕ್ಷೆಯ ವಿಷಯ ಹೇಳಬೇಕು.

ಚಳಿಗಾಲಕ್ಕೆ ಅಣೆಕಟ್ಟಿನವರು ನೀರು ಬಿಡುತ್ತಾರೆ.
ಮೈಲಿಗಟ್ಟಲೆ ಕೆಸರು ಬಿರಿದು ಬಯಲಾಗುತ್ತದೆ.
ಜನವರಿಯಲ್ಲಿ ಅವಳು ರಬ್ಬರ್ ಬೂಟು ಮೆಟ್ಟಿ
ಕೆರೆಯ ಹೊಟ್ಟೆಯೊಳಗೆ ನಡೆಯುತ್ತಾಳೆ, ನಾನು ಹಿಂದೆ.
"ಇದು ರಸ್ತೆ." ನನಗೆ ಕಂಡದ್ದು ಒಂದು ಉಬ್ಬು.
"ಇದು ಅಮೋಸನ ಕುಲುಮೆ." ಒಂದು ಕರಿಕಲೆ.
"ಇದು ನಮ್ಮ ಮೆಟ್ಟಿಲು."
ಹೌದು, ಮೂರು ಮೆಟ್ಟಿಲು.
ಹತ್ತಿದರೆ ಗಾಳಿ.

ಸರಕಾರದವನು ಬಂದಾಗ ಅವಳಿಗೆ ಆರು ವರ್ಷ.
ಕೆಂಪು ಬಟ್ಟೆಯ ಗೂಟ ಹೊಡೆದು ಎಕರೆಗೆ ಇಷ್ಟೆಂದ,
ಬೇಲಿಯಾಚೆ ಬಿಳಿಯರ ಎಕರೆಗೆ ಇನ್ನಷ್ಟೆಂದ.
ಅಜ್ಜನಿಗೆ ಓದು ಬಾರದೆ ಅಲ್ಲ.
ಓದಿಯೇ ರುಜು ಹಾಕಿದ.
ಆಮೇಲೆ ಒಂದು ವಾರ
ಹೇಸರಗತ್ತೆಯೊಡನೆ ಮಾತ್ರ ಮಾತಾಡಿದನಂತೆ.

ಈಗ ಏಪ್ರಿಲ್. ಅಂಗಳದ ಮೇಲೆ ಎರಡೂವರೆ ಅಡಿ ನೀರು.
ವಿಲೋ ಪೊದೆಗಳ ನಡುವೆ
ಪಾದ ಎತ್ತದೆ ಜಾರಿಸಿ ಜಾರಿಸಿ ಹೋಗುತ್ತೇವೆ;
ಎತ್ತಿಟ್ಟರೆ ಸದ್ದು, ಸದ್ದಾದರೆ ಅವು ಹೋದವು.
"ಎಡಕ್ಕೆ. ಇನ್ನೂ. ಅಲ್ಲೇ ಅಮ್ಮನ ಬೀನ್ಸ್ ಸಾಲು. ಬಿಡು."

ಬಿಟ್ಟೆ. ಬೆಂಡು ನಿಂತಿತು.
ಆಮೆಯೊಂದು ಕೊಂಬೆಯಿಂದ ಕಳಚಿ ಬಿತ್ತು.
ಎಷ್ಟೋ ಹೊತ್ತಿನ ಮೇಲೆ ಬೆಂಡು
ಮುಳುಗಲಿಲ್ಲ, ಅಡ್ಡ ಮಲಗಿತು.
ಕ್ರಾಪಿಯ ಕಣ್ಣು ಮೇಲಕ್ಕೆ;
ಕೆಳಗಿಂದ ಬಂದು ನುಂಗಿ ಮೇಲೇಳುತ್ತದೆ, ದಾರ ಸಡಿಲ,
ಬೆಂಡು ಆಕಳಿಸಿ ಒರಗುತ್ತದೆ.

ಎಳೆದೆ.
ಕ್ಯಾಟ್‌ಫಿಶ್ ಫ್ಯಾಕ್ಟರಿಯಲ್ಲಿ ಹನ್ನೊಂದು ವರ್ಷ
ಚರ್ಮ ಸುಲಿದ ಕೈ ನನ್ನದು, ಅದಕ್ಕೆ ಗೊತ್ತಿರುವುದು ಎಳೆಯುವುದೊಂದೇ.
ಕೊಕ್ಕೆ ಬರಿದೇ ಬಂತು,
ತುದಿಯಲ್ಲಿ ತುಟಿಯ ಚೂರು,
ಈರುಳ್ಳಿ ಪೊರೆಯಷ್ಟು.

ಅತ್ತೆ ಬೈಯಲಿಲ್ಲ. ಬೈದಿದ್ದರೆ ಚೆನ್ನಿತ್ತು.
"ಕಾಗದದ ಬಾಯಿ ಅದಕ್ಕೆ. ಎಳೀಬಾರದು, ಎತ್ತಬೇಕು.
ಮಲಗಿದ ಮಗು ಕೆಳಗಿಂದ ದುಪ್ಪಟಿ ತೆಗೆಯೋ ಹಾಗೆ."

ಹತ್ತು ಗಂಟೆಗೆ ಕೈ ಕಲಿಯಿತು.
ಒಂಬತ್ತನೆಯದು ಇದ್ದಿಲಿನಂಥ ಗಂಡು,
ಗೂಡು ಕಾಯುವ ಕಾಲಕ್ಕೆ ಮೈಯೆಲ್ಲ ಕಪ್ಪಾದದ್ದು.
ಅತ್ತೆ ಒದ್ದೆ ಕೈಯಲ್ಲಿ ಹಿಡಿದು ನೋಡಿದಳು.
"ಇವನಿಗೆ ಕೆಲಸ ಇದೆ" ಎಂದು ಬಿಟ್ಟಳು.
ನನ್ನ ಗಂಟಲು ಕಟ್ಟಿತು.
ಮುಂದಿನ ಗಂಡೂ ಅಷ್ಟೇ ಕಪ್ಪು, ಆದರೆ ಹದಿನಾಲ್ಕಿಂಚು.
ಅದು ಬುಟ್ಟಿಗೆ ಹೋಯಿತು.
"ಎಷ್ಟೂಂತ ಬಿಡೋದು" ಎಂದಳು. ಜೋಳದ ಹಿಟ್ಟು ಆಗಲೇ ಮನೆಯಲ್ಲಿ ಜರಡಿಯಾಗಿತ್ತು.

ಹಿಂದಿರುಗುವಾಗ ಅವಳ ಕಾಲು ಏನನ್ನೋ ತಡವಿತು.
ನಿಂತಳು. ಒಂದು ಹತ್ತಿದಳು, ಇನ್ನೊಂದು,
ಮತ್ತೊಂದು.
ತೊಡೆಯ ನೀರು ಮೀನಖಂಡಕ್ಕಿಳಿಯಿತು.
ನಡುಗೆರೆಯಲ್ಲಿ ನನಗಿಂತ ಎತ್ತರಕ್ಕೆ
ಸೊಂಟದ ಮೇಲೆ ಕೈಯಿಟ್ಟು ನಿಂತಳು,
ತಡವಾಗಿ ಬರುವ ಮಕ್ಕಳ ದಾರಿ ಕಾಯುವವರ ಹಾಗೆ.

ದೋಣಿಯವನೊಬ್ಬ ಮೋಟಾರು ತಗ್ಗಿಸಿ ಕೂಗಿದ:
"ಏನಮ್ಮಾ, ಕೆಳಗೆ ಏನಿದೆ ಅಲ್ಲಿ?"

ಅತ್ತೆ ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದಳು.
"ಏನಿಲ್ಲಪ್ಪ. ಬರೀ ಕೆಸರು."